ತಾಮ್ರದ ಪೈಪೋ, ಪ್ಲಾಸ್ಟಿಕ್ ಪೈಪೋ? ಗೋಡೆ ಕೊರೆಯುವ ಮೊದಲು ನೋಡಿಕೊಳ್ಳಿ

ಮೈಸೂರಿನಲ್ಲಿ ಮನೆ ಕಟ್ಟಿಸುವಾಗ ಒಂದೇ ವಾರದಲ್ಲಿ ನನಗೆ ಮೂರು ಸಲಹೆ ಬಂದವು. ನ್ಯೂಜೆರ್ಸಿಯಲ್ಲಿರುವ ತಮ್ಮ ಫೋನ್ ಮಾಡಿ, "ಅಣ್ಣಾ, ನೀರಿನ ಲೈನ್ ಪೂರ್ತಿ ಕಾಪರ್ ಹಾಕಿಸಿಬಿಡು. ಇಲ್ಲಿ ನಮ್ಮ ಮನೆಗೆ ನಲವತ್ತು ವರ್ಷ ಆಯ್ತು, ಪೈಪು ಹಾಗೇ ಇದೆ" ಎಂದ. ಅಮ್ಮ ಪಕ್ಕದಲ್ಲೇ ಇದ್ದರು. "ತಾಮ್ರದ ಚೊಂಬಿನಲ್ಲಿ ನೀರಿಟ್ಟು ಕುಡಿದರೆ ಒಳ್ಳೇದು ಅಂತಾರೆ. ಪೈಪೇ ತಾಮ್ರದ್ದಾದರೆ ಇನ್ನೂ ಒಳ್ಳೇದಲ್ವೇನೋ?" ಎಂದರು. ಪ್ಲಂಬರ್ ಮಾತ್ರ ತಲೆ ಅಲ್ಲಾಡಿಸಿದ. "ಸಾರ್, ಅದಕ್ಕೆ ಎಸಿ ಕೆಲಸದವರನ್ನ ಕರೆಸಬೇಕು. ನಮ್ದೇನಿದ್ರೂ ಸಿಪಿವಿಸಿ ಪ್ಲಾಸ್ಟಿಕ್ಕು."

ಮೂವರ ಮಾತಿನಲ್ಲೂ ಒಂದಿಷ್ಟು ನಿಜ ಇತ್ತು. ಆದರೆ ಇಡೀ ಮನೆಗೆ ಒಂದೇ ಪೈಪು ಎಂದು ಮೂವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಒಂದು ಮನೆಯಲ್ಲಿ ಸಂಪಿನಿಂದ ಟ್ಯಾಂಕಿಗೆ ಏರುವ ಲೈನು ಬೇರೆ. ಟ್ಯಾಂಕಿನಿಂದ ಇಳಿಯುವ ತಣ್ಣೀರು ಬೇರೆ. ತಾರಸಿಯ ಸೋಲಾರಿನಿಂದ ಬರುವ ಬಿಸಿನೀರು ಬೇರೆ. ಗೋಡೆಯೊಳಗೆ ಹೂತುಹೋಗುವ ಬಾತ್‌ರೂಮ್ ಲೈನು ಮತ್ತೂ ಬೇರೆ. ಒಂದು ಹಾಳೆ ತಗೊಂಡು ಈ ಲೈನುಗಳನ್ನು ಒಂದೊಂದಾಗಿ ಬರೆಯಿರಿ. ಮುಂದಿನದೆಲ್ಲ ಆ ಹಾಳೆಯ ಮೇಲೆಯೇ ತೀರ್ಮಾನ ಆಗುವಂಥದ್ದು.

ಪ್ಲಾಸ್ಟಿಕ್ ಅಂದರೆ ಯಾವ ಪ್ಲಾಸ್ಟಿಕ್?

ಅಂಗಡಿಗೆ ಹೋಗಿ "ಪ್ಲಾಸ್ಟಿಕ್ ಪೈಪು ಕೊಡಿ" ಎಂದರೆ ನಾಲ್ಕು ಥರದ್ದು ಸಿಗುತ್ತದೆ.

ಯುಪಿವಿಸಿ ತಣ್ಣೀರಿಗೆ ಮಾತ್ರ. ಬಿಸಿನೀರು ಬಿಟ್ಟರೆ ಮೆತ್ತಗಾಗಿ ಬಾಗುತ್ತದೆ. ಸಿಪಿವಿಸಿ ಅದರ ಅಣ್ಣ ಇದ್ದಂತೆ. ಪಿವಿಸಿಗೇ ಇನ್ನಷ್ಟು ಕ್ಲೋರಿನ್ ಸೇರಿಸಿ ಬಿಸಿ ತಡೆಯುವ ಹಾಗೆ ಮಾಡಿರುತ್ತಾರೆ. ಬಣ್ಣ ಸಾಮಾನ್ಯವಾಗಿ ಕೆನೆಯಂತೆ ತಿಳಿ ಹಳದಿ. ಪಿಪಿಆರ್ ಹೆಚ್ಚಾಗಿ ಹಸಿರು ಬಣ್ಣದ್ದು, ಗೋಡೆ ದಪ್ಪ. ಅದನ್ನು ಅಂಟಿಸುವುದಿಲ್ಲ, ಸುಮಾರು 260 ಡಿಗ್ರಿ ಬಿಸಿಯ ಮೆಷಿನ್‌ನಲ್ಲಿ ಕರಗಿಸಿ ಕೂಡಿಸುತ್ತಾರೆ. ನಾಲ್ಕನೆಯದು ಕಾಂಪೋಸಿಟ್: ಒಳಗೂ ಹೊರಗೂ ಪ್ಲಾಸ್ಟಿಕ್, ನಡುವೆ ತೆಳ್ಳಗಿನ ಅಲ್ಯೂಮಿನಿಯಂ ಹಾಳೆ. ಕೈಯಲ್ಲೇ ಬಗ್ಗುತ್ತದೆ.

ನಮ್ಮ ಕಡೆ ಹೊಸ ಮನೆಗಳಲ್ಲಿ ಸಿಪಿವಿಸಿಯದೇ ರಾಜ್ಯ. ಹಾಗಾಗಿ ಈ ಲೇಖನದಲ್ಲಿ ತಾಮ್ರದ ಎದುರು ನಿಲ್ಲುವುದು ಮುಖ್ಯವಾಗಿ ಅದೇ.

ಹೆಜ್ಜೆ 1: ಮೊದಲು ನೀರು ಎಂಥದ್ದು ನೋಡಿ

ಹಳೇ ಬಚ್ಚಲುಮನೆಯ ತಾಮ್ರದ ಹಂಡೆ ನೆನಪಿದೆಯಾ? ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಫಳಫಳ ಹೊಳೆಯುತ್ತಿತ್ತು. ಮೇಲಿನ ಕಪ್ಪು ಪದರವನ್ನು ಹುಳಿ ಕರಗಿಸುತ್ತಿತ್ತು, ಅದಕ್ಕೇ ಆ ಹೊಳಪು. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸದೆ ಅದರಲ್ಲಿ ಹುಳಿ ಕಾಯಿಸುತ್ತಿರಲಿಲ್ಲ ಎನ್ನುವುದಕ್ಕೂ ಇದೇ ಕಾರಣ.

ತಾಮ್ರದ ಪೈಪಿನ ಕಥೆಯೂ ಅಷ್ಟೇ. ಪೈಪಿನ ಒಳಮೈಯಲ್ಲಿ ಕಾಲಕ್ರಮೇಣ ಒಂದು ತೆಳು ಪದರ ಕೂರುತ್ತದೆ. ಆ ಪದರವೇ ಪೈಪನ್ನು ಕಾಪಾಡುವುದು. ನೀರು ಹುಳಿ ಸ್ವಭಾವದ್ದಾದರೆ, ಅಂದರೆ ಪಿಎಚ್ 6.5ಕ್ಕಿಂತ ಕಡಿಮೆ ಇದ್ದರೆ, ಪದರ ನಿಲ್ಲುವುದಿಲ್ಲ. ತಾಮ್ರ ಸ್ವಲ್ಪ ಸ್ವಲ್ಪವೇ ಕರಗಿ ನೀರಿಗೆ ಸೇರುತ್ತಾ ಹೋಗುತ್ತದೆ. ಬಿಳಿ ವಾಶ್ ಬೇಸಿನ್‌ನಲ್ಲಿ ನಲ್ಲಿಯ ಕೆಳಗೆ ಹಸಿರು-ನೀಲಿ ಕಲೆ ಕಂಡರೆ ಅದರ ಗುರುತು. ನೀರು ಬಾಯಿಗೆ ಕಹಿ ಲೋಹದ ರುಚಿ ಕೊಡುತ್ತದೆ.

ಕರಾವಳಿಯವರು ಇದನ್ನು ಜಾಸ್ತಿ ಗಮನಿಸಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆಯ ಮುರಕಲ್ಲಿನ ನೆಲದ ಬಾವಿ ನೀರು ಕುಡಿಯಲು ಸಿಹಿ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಆದರೆ ಹಲವು ಕಡೆ ಪಿಎಚ್ ಕಡಿಮೆ. ಅಂಥ ಬಾವಿ ಇದ್ದವರಿಗೆ ನನ್ನ ಮಾತು ನೇರ: ದುಡ್ಡಿದ್ದರೂ ಕುಡಿಯುವ ನೀರಿನ ಲೈನಿಗೆ ತಾಮ್ರ ಬೇಡ.

ಬಯಲುಸೀಮೆಯ ಬೋರ್ ನೀರಿನ ಸಮಸ್ಯೆ ಬೇರೆ. ಅಲ್ಲಿ ನೀರು ಗಡಸು. ಕಾಯಿಸಿದ ಕೂಡಲೇ ಬಿಳಿ ಸುಣ್ಣ ಬಿಡುತ್ತದೆ. ಈ ಸುಣ್ಣ ತಾಮ್ರದಲ್ಲೂ ಕೂರುತ್ತದೆ, ಪ್ಲಾಸ್ಟಿಕ್ಕಿನಲ್ಲೂ ಕೂರುತ್ತದೆ. ಸಿಪಿವಿಸಿ ಒಳಗೆ ನುಣುಪಾಗಿರುವುದರಿಂದ ಸ್ವಲ್ಪ ತಡವಾಗಿ ಕೂರುತ್ತದೆ, ಅಷ್ಟೆ. ಗೀಸರಿನ ಕಾಯಿಲಿಗಂತೂ ಪೈಪು ಯಾವುದಾದರೂ ಸುಣ್ಣ ಹಿಡಿದೇ ಹಿಡಿಯುತ್ತದೆ. ಪಿಎಚ್ ಸರಿ ಇದ್ದ ಮಾತ್ರಕ್ಕೆ ತಾಮ್ರಕ್ಕೆ ಭಯವಿಲ್ಲ ಎಂದೂ ಅಲ್ಲ. ಕ್ಲೋರೈಡ್, ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ) ಜಾಸ್ತಿ ಇರುವ ನೀರು ತಾಮ್ರದ ಒಳಮೈಯಲ್ಲಿ ಸೂಜಿಮೊನೆಯಷ್ಟು ತೂತು ಬೀಳಿಸಬಲ್ಲದು.

ಆದ್ದರಿಂದ ನೀರು ಪರೀಕ್ಷೆ ಮಾಡಿಸಿ. ಜಿಲ್ಲಾ ಕೇಂದ್ರಗಳಲ್ಲಿ ಕುಡಿಯುವ ನೀರಿನ ಸರಕಾರಿ ಪ್ರಯೋಗಾಲಯಗಳಿವೆ, ಖಾಸಗಿಯವೂ ಇವೆ. ಕಾಗದ ಬಂದಾಗ ಪಿಎಚ್, ಟಿಡಿಎಸ್, ಗಡಸುತನ, ಕ್ಲೋರೈಡ್ ಈ ನಾಲ್ಕನ್ನು ನೋಡಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ.

ಅಮ್ಮನ ಚೊಂಬಿನ ಮಾತಿಗೆ ಬರೋಣ. ತಾಮ್ರದ ಮೇಲೆ ರೋಗಾಣುಗಳು ಸಾಯುತ್ತವೆ ಎನ್ನುವುದು ಸುಳ್ಳಲ್ಲ. 2008ರಲ್ಲಿ ಅಮೆರಿಕದ ಪರಿಸರ ಸಂಸ್ಥೆಯೇ ತಾಮ್ರದ ಮಿಶ್ರಲೋಹಗಳ ಮೇಲ್ಮೈಗೆ ಆ ಗುಣವಿದೆ ಎಂದು ನೋಂದಾಯಿಸಿತು. ಆದರೆ ಚೊಂಬಿನಲ್ಲಿ ನೀರು ರಾತ್ರಿಯಿಡೀ ನಿಲ್ಲುತ್ತದೆ. ಪೈಪಿನಲ್ಲಿ ಹಗಲೆಲ್ಲ ಓಡುತ್ತಾ ಇರುತ್ತದೆ. ಸಂಪು ತೊಳೆಯದೆ ಎರಡು ವರ್ಷ ಆಗಿದ್ದರೆ ತಾಮ್ರದ ಪೈಪು ಅದನ್ನೇನೂ ಸರಿಮಾಡುವುದಿಲ್ಲ. ರಾತ್ರಿ ಪೈಪಿನಲ್ಲಿ ನಿಂತ ನೀರಿನಲ್ಲಿ ತಾಮ್ರ ಜಾಸ್ತಿ ಸೇರಿರುತ್ತದೆ, ಹೊಸ ಪೈಪಾದರೆ ಇನ್ನೂ ಜಾಸ್ತಿ. ಬೆಳಿಗ್ಗೆ ಮೊದಲ ನೀರನ್ನು ಗಿಡಕ್ಕೋ ಬಕೆಟ್ಟಿಗೋ ಬಿಟ್ಟು ಆಮೇಲೆ ಕುಡಿಯಲು ಹಿಡಿಯಬೇಕು. ಅಮ್ಮನಿಗೆ ಒಂದು ಹೊಸ ಚೊಂಬು ತಂದುಕೊಟ್ಟೆ. ಅಲ್ಲಿಗೆ ಆ ವಾದ ಮುಗಿಯಿತು.

ಪ್ಲಾಸ್ಟಿಕ್ಕಿಗೂ ಅದರದೇ ಆದ ಚಿಂತೆ ಇದೆ. ಪಿವಿಸಿ ಪೈಪು ತಯಾರಿಸುವಾಗ ಅದು ಕೆಡದಿರಲಿ ಎಂದು ಸೀಸದ ವಸ್ತು ಬೆರೆಸುವ ಪದ್ಧತಿ ಇತ್ತು. ಅದಕ್ಕೆ ಕಡಿವಾಣ ಹಾಕಲು ಕೇಂದ್ರ ಸರಕಾರ 2021ರಲ್ಲಿ ನಿಯಮ ತಂದಿದೆ. ಹೆಸರಿಲ್ಲದ, ಮಾರ್ಕ್ ಇಲ್ಲದ ಅಗ್ಗದ ಪೈಪನ್ನು ಕುಡಿಯುವ ನೀರಿಗೆ ಹಾಕಬೇಡಿ. "ಇದೂ ಅದೇ ಸಾರ್, ಸ್ಟಿಕ್ಕರ್ ಇಲ್ಲ ಅಷ್ಟೆ" ಎನ್ನುವ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ.

ಹೆಜ್ಜೆ 2: ಬಿಸಿ ಎಲ್ಲಿಂದ ಬರುತ್ತದೆ?

ತಾಮ್ರಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ.

ಸಿಪಿವಿಸಿಯ ಶಕ್ತಿ ಬಿಸಿ ಏರಿದಂತೆ ಇಳಿಯುತ್ತದೆ. ಎಸ್‌ಡಿಆರ್ 11 ಎನ್ನುವ ದಪ್ಪ ಗೋಡೆಯ ಪೈಪು (ಇದರ ಲೆಕ್ಕ ಹೆಜ್ಜೆ 5ರಲ್ಲಿದೆ) 23 ಡಿಗ್ರಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 28 ಕೆಜಿ ಪ್ರೆಷರ್ ತಡೆಯುತ್ತದೆ. ಅದೇ ಪೈಪು 82 ಡಿಗ್ರಿಯಲ್ಲಿ ತಡೆಯುವುದು 7 ಕೆಜಿ. ಹೆದರಬೇಡಿ, ಮನೆಗೆ ಅದೂ ಬೇಕಾದಷ್ಟಾಯಿತು. ಟ್ಯಾಂಕು ಹತ್ತು ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಗೆ ಸಿಗುವುದೇ 1 ಕೆಜಿ. ಎಲೆಕ್ಟ್ರಿಕ್ ಗೀಸರು ಸಾಮಾನ್ಯವಾಗಿ 60-75 ಡಿಗ್ರಿಗೆ ತಾನೇ ಆಫ್ ಆಗುತ್ತದೆ. ಅಲ್ಲಿಗೆ ಸಿಪಿವಿಸಿ ಸಾಕು. ಗೀಸರಿನಿಂದ ಹೊರಡುವ ಕಡೆ ಮಾತ್ರ ಲೋಹದ ಕನೆಕ್ಷನ್ ಪೈಪು ಹಾಕಿ, ಅಲ್ಲಿಂದ ಮುಂದೆ ಸಿಪಿವಿಸಿ.

ಸೋಲಾರು ಹಾಗಲ್ಲ. ಅದಕ್ಕೆ ಆಫ್ ಆಗುವುದು ಗೊತ್ತಿಲ್ಲ. ಏಪ್ರಿಲ್ ರಜೆಗೆ ಮನೆಮಂದಿಯೆಲ್ಲ ಊರಿಗೆ ಹೋಗಿ ಒಂದು ವಾರ ಬಿಸಿನೀರು ಬಳಸದಿದ್ದರೆ, ಗಾಜಿನ ಟ್ಯೂಬಿನ ಸೋಲಾರಿನ ಟ್ಯಾಂಕಿನಲ್ಲಿ ನೀರು ಕುದಿಯುವ ಹತ್ತಿರಕ್ಕೆ ಹೋಗುತ್ತದೆ. ವಾಪಸ್ ಬಂದು ನಲ್ಲಿ ತಿರುಗಿಸಿದಾಗ ಆವಿ ಬೆರೆತ ನೀರು ಮೊದಲು ಹಾಯುವುದು ಟ್ಯಾಂಕಿನ ಬಾಯಿಯ ಪೈಪಿನಲ್ಲಿ. ಅಲ್ಲಿ ಸಿಪಿವಿಸಿ ಇದ್ದರೆ ಜಾಯಿಂಟು ಜೋತುಬೀಳುತ್ತದೆ. ನಮ್ಮ ಹಳೇ ಬಾಡಿಗೆ ಮನೆಯಲ್ಲಿ ಹೀಗೇ ಆಗಿತ್ತು. ಊರಿನಿಂದ ಬರುವಷ್ಟರಲ್ಲಿ ತಾರಸಿಯೆಲ್ಲ ನೀರು, ಪೈಪು ಬೆಂದ ಬದನೆಕಾಯಿ ತೊಟ್ಟಿನ ಹಾಗೆ ಬಾಗಿತ್ತು.

ಹೊಸ ಮನೆಯಲ್ಲಿ ಸೋಲಾರಿನ ಬಾಯಿಯಿಂದ ಮೊದಲ ಒಂದೂವರೆ ಮೀಟರ್ ತಾಮ್ರ ಹಾಕಿಸಿದೆ. ಬಿಸಿಯ ಗಾಳಿ ಹೋಗುವ ವೆಂಟ್ ಪೈಪೂ ಲೋಹದ್ದೇ. ವೆಂಟ್ ಪೈಪಿನ ಬಾಯನ್ನು ಯಾವ ಕಾರಣಕ್ಕೂ ಮುಚ್ಚಬಾರದು, ಅದಕ್ಕೆ ವಾಲ್ವ್ ಕೂಡ ಹಾಕಬಾರದು. ಮಲೆನಾಡಿನಲ್ಲಿ ಸೌದೆ ಒಲೆಯ ತಾಮ್ರದ ಬಾಯ್ಲರ್ ಇನ್ನೂ ಬಳಸುವ ಮನೆಗಳಿಗೂ ಇದೇ ಮಾತು. ಅಡಿಕೆ ಸಿಪ್ಪೆಯ ಬೆಂಕಿಗೆ ಥರ್ಮೋಸ್ಟಾಟ್ ಇಲ್ಲ. ಬಾಯ್ಲರಿಗೆ ಹತ್ತಿರದ ತುಂಡು ಲೋಹದ್ದೇ ಇರಲಿ.

ಬಿಸಿಗೆ ಪೈಪು ಹಿಗ್ಗುತ್ತದೆ ಎನ್ನುವುದು ಇನ್ನೊಂದು. ಹತ್ತು ಮೀಟರ್ ಉದ್ದದ ಲೈನು, ಅದರ ಬಿಸಿ ಇದ್ದದ್ದಕ್ಕಿಂತ 40 ಡಿಗ್ರಿ ಏರಿತು ಅಂದುಕೊಳ್ಳಿ. ತಾಮ್ರ ಹಿಗ್ಗುವುದು ಸುಮಾರು 7 ಮಿಲಿಮೀಟರ್. ಸಿಪಿವಿಸಿ ಸುಮಾರು 27. ಪಿಪಿಆರ್ 60ರ ಹತ್ತಿರ. ತಾರಸಿಯ ಮೇಲೆ ಉದ್ದಕ್ಕೆ ಓಡುವ ಸಿಪಿವಿಸಿ ಲೈನನ್ನು ಕ್ಲಾಂಪ್ ಹಾಕಿ ಬಿಗಿದು ಕಟ್ಟಿದರೆ ಅದು ಹಾವಿನಂತೆ ವಾರೆಯಾಗುತ್ತದೆ, ಕೊನೆಯ ಎಲ್ಬೋ (ಮೂಲೆ ತಿರುವಿನ ತುಂಡು) ಮೇಲೆ ಒತ್ತಡ ಬೀಳುತ್ತದೆ. ನಡುವೆ ಒಂದು ಕಡೆ ಯು ಆಕಾರದ ತಿರುವು ಕೊಡಿಸಿ. ಕ್ಲಾಂಪಿನೊಳಗೆ ಪೈಪು ಸ್ವಲ್ಪ ಜರುಗುವಷ್ಟು ಸಡಿಲ ಇರಲಿ.

ಹೆಜ್ಜೆ 3: ಬಿಸಿಲು, ಇಲಿ, ಕಳ್ಳ

ಸಿಪಿವಿಸಿ, ಯುಪಿವಿಸಿ ಎರಡಕ್ಕೂ ಬಿಸಿಲು ಆಗದು. ತಾರಸಿಯಲ್ಲಿ ತೆರೆದು ಬಿಟ್ಟರೆ ಕೆಲವೇ ವರ್ಷಕ್ಕೆ ಬಣ್ಣ ಕೆಟ್ಟು ಪೆಡಸಾಗುತ್ತವೆ. ಕಾಲು ತಾಗಿದರೆ ಬಿರುಕು. ಹೊರಗಿನ ಲೈನಿಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಿಳಿ ಪೇಂಟ್ ಹೊಡೆಸಿ. ಆಯಿಲ್ ಪೇಂಟ್ ಬೇಡ, ಅದರಲ್ಲಿರುವ ದ್ರಾವಕ ಸಿಪಿವಿಸಿಯನ್ನೇ ತಿನ್ನುತ್ತದೆ. ಬಿಸಿನೀರಿನ ಪೈಪಿಗೆ ಕಪ್ಪು ನೈಟ್ರೈಲ್ ಫೋಮ್ ತೊಡಿಸಿದರೆ ಬಿಸಿಯೂ ಉಳಿಯುತ್ತದೆ, ಬಿಸಿಲೂ ತಾಗದು. ತಾಮ್ರಕ್ಕೆ ಬಿಸಿಲಿನ ಚಿಂತೆ ಇಲ್ಲ. ಆದರೆ ಅದೂ ಬರಿಮೈಯಲ್ಲಿ ಇದ್ದರೆ ಬಿಸಿ ಕಳೆಯುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಅದಕ್ಕೂ ಫೋಮ್ ತೊಡಿಸಲೇಬೇಕು.

ಪೈಪುಗಳು ಇಳಿಯುವ ಡಕ್ಟ್ ಒಳಗೆ ಇಲಿ, ಹೆಗ್ಗಣ ಓಡಾಡುವ ಮನೆಗಳಲ್ಲಿ ಪ್ಲಾಸ್ಟಿಕ್ ಪೈಪಿಗೆ ಹಲ್ಲಿನ ಗುರುತು ಬೀಳುವುದುಂಟು. ಪೈಪು ಬದಲಿಸುವ ಮುಂಚೆ ಡಕ್ಟಿನ ಬಾಯಿಗೆ ಜಾಲರಿ ಹಾಕಿಸುವುದು ಅಗ್ಗ.

ಕಟ್ಟುತ್ತಿರುವ ಮನೆಯಲ್ಲಿ ತಾಮ್ರ ತಂದಿಟ್ಟರೆ ಅದು ಗುಜರಿ ಅಂಗಡಿಗೆ ಹೋಗುವ ಸಾಧ್ಯತೆಯೂ ಇದೆ ಎಂದು ಮೇಸ್ತ್ರಿ ಎಚ್ಚರಿಸಿದ. ಹಾಕುವ ದಿನವೇ ತನ್ನಿ.

ಹೆಜ್ಜೆ 4: ಹಾಕುವ ಕೈ ಯಾವುದು?

ಪೈಪಿಗಿಂತ ಜಾಯಿಂಟು ಮುಖ್ಯ. ಮನೆಯಲ್ಲಿ ಸೋರುವುದು ಹೆಚ್ಚಾಗಿ ಪೈಪಿನ ನಡುವೆ ಅಲ್ಲ, ಜಾಯಿಂಟಿನಲ್ಲಿ.

ತಾಮ್ರಕ್ಕೆ ಬೇಕಾಗುವುದು ಬೆಂಕಿಯ ಕೆಲಸ. ಪೈಪು ಕತ್ತರಿಸಿ ಒಳಗಿನ ಮುಳ್ಳು ಕೆರೆದು, ತುದಿಯನ್ನು ಹೊಳೆಯುವ ತನಕ ಉಜ್ಜಿ, ಫ್ಲಕ್ಸ್ ಹಚ್ಚಿ, ಬೆಂಕಿಯ ಟಾರ್ಚಿನಿಂದ ಕಾಯಿಸಿದಾಗ ಸಾಲ್ಡರ್ (ಕರಗಿಸಿ ಬೆಸೆಯುವ ಲೋಹ) ತಾನೇ ಸಂದಿಯೊಳಗೆ ಹರಿದು ತುಂಬಿಕೊಳ್ಳಬೇಕು. ಸಾಲ್ಡರ್ ಸೀಸ ಇಲ್ಲದ್ದೇ ಆಗಿರಬೇಕು. ಅಮೆರಿಕದಲ್ಲಿ 1986ರಿಂದ ಕುಡಿಯುವ ನೀರಿನ ಪೈಪಿಗೆ ಸೀಸದ ಸಾಲ್ಡರ್ ನಿಷೇಧ. ಇಲ್ಲಿ ರೇಡಿಯೋ ರಿಪೇರಿಯ ಸಾಲ್ಡರನ್ನೇ ಹಿಡಿದು ಬರುವವರಿದ್ದಾರೆ, ಮೊದಲೇ ಕೇಳಿ. ನಮ್ಮ ಊರುಗಳಲ್ಲಿ ತಾಮ್ರ ಕೂಡಿಸುವ ಕೈ ಇರುವುದು ಎಸಿ ಕೆಲಸದವರಿಗೆ, ಆಸ್ಪತ್ರೆಗಳ ಆಕ್ಸಿಜನ್ ಲೈನ್ ಹಾಕುವವರಿಗೆ. ಒಂದೂವರೆ ಮೀಟರ್ ಕೆಲಸಕ್ಕೆ ಅವರನ್ನು ಅರ್ಧ ದಿನ ಕರೆಸಬಹುದು. ಇಡೀ ಮನೆಗೆ ಹಾಕಿಸಿದರೆ, ಐದು ವರ್ಷದ ಮೇಲೆ ಭಾನುವಾರ ಸಂಜೆ ಸೋರಿದಾಗ ಯಾರು ಬರುತ್ತಾರೆ ಎಂದು ಯೋಚಿಸಿ.

ತಮ್ಮನಿಗೂ ಇದನ್ನೇ ಹೇಳಿದೆ. ಅವನಿರುವ ಕಡೆ ತಾಮ್ರದ ಪ್ಲಂಬರುಗಳು ಬೇಕಾದಷ್ಟಿದ್ದಾರೆ. ನಗರದ ನೀರನ್ನು ಪೈಪು ತಿನ್ನದ ಹಾಗೆ ಹದ ಮಾಡಿಯೇ ಬಿಡುತ್ತಾರೆ. ಅದಕ್ಕೇ ಅವನ ಪೈಪು ನಲವತ್ತು ವರ್ಷ ಬಾಳಿದೆ. "ನಿಮ್ಮ ಪಕ್ಕದ ಹೊಸ ಮನೆಗಳಲ್ಲಿ ಏನು ಹಾಕ್ತಿದ್ದಾರೆ ನೋಡಿ ಬಾ" ಎಂದೆ. ಮರುದಿನ ಫೋಟೊ ಕಳಿಸಿದ. ಕೆಂಪು, ನೀಲಿ ಬಣ್ಣದ ಪೆಕ್ಸ್ ಪೈಪುಗಳು. ಅದೂ ಪ್ಲಾಸ್ಟಿಕ್ಕೇ.

ಸಿಪಿವಿಸಿ ಸುಲಭ, ಆದ್ದರಿಂದಲೇ ಅವಸರದ ತಪ್ಪುಗಳೂ ಜಾಸ್ತಿ. ಪಕ್ಕದಲ್ಲಿ ನಿಂತು ಇವಿಷ್ಟನ್ನು ನೋಡಿ. ಗರಗಸದಿಂದ ಕುಯ್ಯದೆ ಪೈಪ್ ಕಟ್ಟರ್‌ನಿಂದ ನೇರವಾಗಿ ಕತ್ತರಿಸಬೇಕು. ಅಂಚಿನ ಮುಳ್ಳು ತೆಗೆದು ಒಣಬಟ್ಟೆಯಿಂದ ಒರೆಸಬೇಕು. ಸಲ್ಯೂಷನ್, ಅಂದರೆ ಅಂಟು, ಸಿಪಿವಿಸಿಯದ್ದೇ ಇರಬೇಕು, ಯುಪಿವಿಸಿಯ ಡಬ್ಬ ನಡೆಯದು. ಡಬ್ಬದ ಎಕ್ಸ್‌ಪೈರಿ ದಿನಾಂಕ ನೋಡಿ. ಗಂಜಿಯ ಹಾಗೆ ಗಟ್ಟಿಯಾಗಿದ್ದರೆ ತಿನ್ನರ್ ಬೆರೆಸಲು ಬಿಡಬೇಡಿ, ಬಿಸಾಡಿಸಿ. ಸಲ್ಯೂಷನ್ ಹಚ್ಚಿ ಪೈಪನ್ನು ಕಾಲು ಸುತ್ತು ತಿರುಗಿಸಿ ಒಳಗೆ ತಳ್ಳಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಬಿಟ್ಟರೆ ಪೈಪು ತಾನಾಗೇ ಒಂದಿಷ್ಟು ಹಿಂದೆ ಬರುತ್ತದೆ, ನಮಗೆ ಕಾಣಿಸುವುದಿಲ್ಲ.

ನಲ್ಲಿ, ಶವರ್ ಕೂರುವ ಕಡೆ ಹಿತ್ತಾಳೆಯ ಥ್ರೆಡ್ ಇರುವ ಎಲ್ಬೋ, ಟೀ (ಮೂರು ಬಾಯಿಯ ತುಂಡು) ಹಾಕಿಸಿ. ಬರೀ ಪ್ಲಾಸ್ಟಿಕ್ ಥ್ರೆಡ್ ಆದರೆ ನಲ್ಲಿಯನ್ನು ಎರಡು ಸಲ ಬಿಚ್ಚಿ ಹಾಕುವಷ್ಟರಲ್ಲಿ ಸವೆಯುತ್ತದೆ. ಅಲ್ಲಿ ಟೆಫ್ಲಾನ್ ಟೇಪ್ ಸುತ್ತಿದರೆ ಸಾಕು. ಹಳೇ ಕೈಯವರು ಸಣಬಿನ ನಾರಿಗೆ ಪೇಂಟ್ ಹಚ್ಚಿ ಸುತ್ತುತ್ತಾರೆ. ಅದು ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಕಾಲದ ವಿದ್ಯೆ, ಸಿಪಿವಿಸಿಗೆ ಎಣ್ಣೆ ಪೇಂಟ್ ವಿಷ. ಗೆದ್ದಲಿಗೆ ಹೊಡೆಯುವ ಔಷಧಿಯೂ ಪೈಪಿನ ಮೇಲೆ ನೇರ ಬೀಳದಂತೆ ನೋಡಿಕೊಳ್ಳಿ.

ಹೆಜ್ಜೆ 5: ಅಳತೆ

ಸಿಪಿವಿಸಿ ಪೈಪಿನ ಮೇಲೆ ಸಿಟಿಎಸ್ ಎಂಬ ಅಕ್ಷರ ಇರುತ್ತದೆ. ಬಿಡಿಸಿದರೆ ಕಾಪರ್ ಟ್ಯೂಬ್ ಸೈಜ್! ತಾಮ್ರವನ್ನು ಓಡಿಸಿದ ಪ್ಲಾಸ್ಟಿಕ್ಕು ಅಳತೆಯನ್ನು ಮಾತ್ರ ತಾಮ್ರದಿಂದಲೇ ಸಾಲ ತಂದಿದೆ. ಹಾಗಂತ ಎರಡನ್ನೂ ನೇರವಾಗಿ ತೂರಿಸಲು ಹೋಗಬೇಡಿ. ಇದು ಅಮೆರಿಕದ ಇಂಚಿನ ಅಳತೆ, ಇಲ್ಲಿ ಸಿಗುವ ತಾಮ್ರ ಹೆಚ್ಚಾಗಿ 15, 22, 28 ಮಿಲಿಮೀಟರ್‌ನದು. ನಡುವೆ ಥ್ರೆಡ್ ಇರುವ ಹಿತ್ತಾಳೆ ಫಿಟ್ಟಿಂಗ್ ಬೇಕು.

ಎಸ್‌ಡಿಆರ್ ಎಂದರೆ ಪೈಪಿನ ಹೊರ ಅಗಲವನ್ನು ಗೋಡೆಯ ದಪ್ಪದಿಂದ ಭಾಗಿಸಿದ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಪೈಪು ದಪ್ಪ. 13.5ಕ್ಕಿಂತ 11 ಗಟ್ಟಿ. ಗೋಡೆಯೊಳಗೆ ಹೋಗುವುದಕ್ಕೂ ಬಿಸಿನೀರಿಗೂ 11 ತಗೊಳ್ಳಿ.

"ದಪ್ಪ ಪೈಪು ಹಾಕಿದರೆ ಫೋರ್ಸು ಬರುತ್ತೆ" ಎಂದು ಎಲ್ಲ ಕಡೆ ಒಂದಿಂಚು ಹಾಕಿಸುವವರಿದ್ದಾರೆ. ತಣ್ಣೀರಿನ ಮೇನ್ ಲೈನಿಗೆ ಅದು ಸರಿ. ಸೋಲಾರ್ ಬಿಸಿನೀರಿಗೆ ಇದರಿಂದ ನಷ್ಟ. ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ ಒಂದು ಮೀಟರಿಗೆ ಸುಮಾರು ಕಾಲು ಲೀಟರ್ ನೀರು ಹಿಡಿಯುತ್ತದೆ. ತಾರಸಿಯಿಂದ ಕೆಳಗಿನ ಬಾತ್‌ರೂಮಿಗೆ 20 ಮೀಟರ್ ಆದರೆ, ಬಿಸಿ ಬರುವ ಮುಂಚೆ ಹರಿದುಹೋಗುವ ತಣ್ಣೀರು ಐದು ಲೀಟರ್. ಒಂದಿಂಚು ಹಾಕಿದರೆ ಎಂಟೂವರೆ. ದಿನಾ ಬೆಳಿಗ್ಗೆ, ಒಂದೊಂದು ಸ್ನಾನಕ್ಕೂ. ಸೋಲಾರಿಗೆ ಹತ್ತಿರವಾಗಿ ಬಾತ್‌ರೂಮುಗಳನ್ನು ಒಂದರ ಕೆಳಗೆ ಒಂದು ಬರುವಂತೆ ಪ್ಲಾನ್ ಮಾಡುವುದು ತಾಮ್ರ ಹಾಕಿಸುವುದಕ್ಕಿಂತ ಜಾಸ್ತಿ ಉಪಯೋಗ. ನನಗೆ ಇದು ಗೊತ್ತಾಗುವಷ್ಟರಲ್ಲಿ ಮೋಲ್ಡ್ ಹಾಕಿ ಆಗಿತ್ತು.

ಹೆಜ್ಜೆ 6: ದುಡ್ಡು ಮತ್ತು ಅಂಗಡಿ

ನನಗೆ ಬಂದ ಲೆಕ್ಕದಲ್ಲಿ ಇಡೀ ಮನೆಗೆ ತಾಮ್ರ ಎಂದರೆ ಸಿಪಿವಿಸಿಯ ನಾಲ್ಕು ಪಟ್ಟು ಮೀರಿತ್ತು. ತಾಮ್ರದ ರೇಟು ಲೋಹದ ಮಾರುಕಟ್ಟೆಯ ಜೊತೆ ಏರಿಳಿಯುವುದರಿಂದ ಅಂಗಡಿಯವರು ಕೊಟ್ಟ ಕೊಟೇಶನ್ ಕೆಲವೇ ದಿನ ನಡೆಯುತ್ತದೆ. ಹಾಗಾಗಿ ಸಿಪಿವಿಸಿ ಹಾಕಿಸಿ, ಉಳಿದ ದುಡ್ಡಿನಲ್ಲಿ ಪ್ರತಿ ಬಾತ್‌ರೂಮಿಗೂ ಬೇರೆ ಬೇರೆ ಬಾಲ್ ವಾಲ್ವ್, ಒಳ್ಳೆಯ ಕಂಪನಿಯ ಡೈವರ್ಟರ್, ಹಿತ್ತಾಳೆ ಫಿಟ್ಟಿಂಗ್ ಹಾಕಿಸಿದೆ. ಒಂದು ಬಾತ್‌ರೂಮ್ ರಿಪೇರಿಗೆ ಇಡೀ ಮನೆಯ ನೀರು ನಿಲ್ಲಿಸುವ ಕಷ್ಟ ಇಲ್ಲ.

ಅಂಗಡಿಯಲ್ಲಿ ಪೈಪಿನ ಮೈಮೇಲೆ ಅಚ್ಚಾದ ಮಾನದಂಡದ ಅಂಕಿಯನ್ನು ಓದಿ. ಸಿಪಿವಿಸಿಗೆ ಐಎಸ್ 15778, ಯುಪಿವಿಸಿಗೆ ಐಎಸ್ 4985 ಅಥವಾ ಎಎಸ್‌ಟಿಎಂ ಡಿ 1785, ಪಿಪಿಆರ್‌ಗೆ ಐಎಸ್ 15801. ತಾಮ್ರವಾದರೆ ಇಎನ್ 1057 ಎಂದಿರುವುದು ಪ್ಲಂಬಿಂಗ್‌ನದು. ಎಸಿಗೆ ಹಾಕುವ ತೆಳು ಮೆದು ಕಾಯಿಲ್ ಪೈಪು ಕೊಟ್ಟರೆ ತಗೊಳ್ಳಬೇಡಿ. ಪೈಪೂ ಫಿಟ್ಟಿಂಗೂ ಸಲ್ಯೂಷನ್ನೂ ಒಂದೇ ಕಂಪನಿಯದ್ದಿರಲಿ. ಸಿಪಿವಿಸಿಯ ಎರಡೂ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಲಾರಿಯಿಂದ ಎಸೆದ ಪೈಪಿನ ತುದಿಯಲ್ಲಿ ಕೂದಲೆಳೆ ಬಿರುಕು ಇರುತ್ತದೆ. ಅಂಗಡಿಯ ಮುಂದೆ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಂತ ಪೈಪೂ ಬೇಡ.

ಹಳೇ ಮನೆಯಾದರೆ

ತುಕ್ಕು ಹಿಡಿದ ಜಿಐ ಪೈಪು ತೆಗೆದು ಪ್ಲಾಸ್ಟಿಕ್ ಹಾಕಿಸುವವರು ಎಲೆಕ್ಟ್ರಿಷಿಯನ್‌ನನ್ನು ಮೊದಲು ಕರೆಸಿ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಕರೆಂಟಿನ ಅರ್ಥಿಂಗನ್ನು ನೀರಿನ ಪೈಪಿಗೇ ಕಟ್ಟಿರುತ್ತಾರೆ. ಪೈಪು ಪ್ಲಾಸ್ಟಿಕ್ ಆದ ದಿನ ಆ ಅರ್ಥಿಂಗ್ ಸತ್ತಂತೆ. ಗೀಸರಿನಲ್ಲಿ ಕರೆಂಟು ಸೋರಿದರೆ ಜೀವಕ್ಕೇ ಅಪಾಯ. ಬೇರೆ ಅರ್ಥಿಂಗ್ ಗುಂಡಿ ಸರಿಯಾಗಿದೆಯೇ, ಅದರ ವೈರು ಗೀಸರಿನ ಸಾಕೆಟ್ಟಿನವರೆಗೆ ಬಂದಿದೆಯೇ ಪರೀಕ್ಷೆ ಮಾಡಿಸದೆ ಪೈಪು ಮುಟ್ಟಬೇಡಿ.

ಇನ್ನೊಂದು: ಜಿಐ ಪೈಪನ್ನು ಹಾಗೇ ಉಳಿಸಿಕೊಂಡು ಅದಕ್ಕೆ ಮುಂಚೆ ತಾಮ್ರದ ತುಂಡು ಸೇರಿಸಬೇಡಿ. ತಾಮ್ರದಲ್ಲಿ ಹಾದುಬಂದ ನೀರು ಕಣದಷ್ಟು ತಾಮ್ರವನ್ನು ಹೊತ್ತು ತಂದು ಜಿಐ ಒಳಗೆ ಬಿಡುತ್ತದೆ. ಅಲ್ಲಿ ಸತುವಿನ ಲೇಪ ತೂತುಬೀಳುತ್ತದೆ. ನೀರು ಜಿಐಯಿಂದ ತಾಮ್ರಕ್ಕೆ ಹೋಗಬಹುದು, ತಾಮ್ರದಿಂದ ಜಿಐಗೆ ಬರಬಾರದು.

ಹೆಜ್ಜೆ 7: ಟೈಲ್ಸ್ ಹಾಕುವ ಮುಂಚೆ

ನಲ್ಲಿ ಕೂರುವ ಎಲ್ಲ ಪಾಯಿಂಟಿಗೂ ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಿಸಿ. ಕೊನೆಯ ಜಾಯಿಂಟು ಹಾಕಿ ಒಂದು ದಿನ ಒಣಗಲು ಬಿಡಿ. ಆಮೇಲೆ ಕೈಪಂಪಿನಿಂದ ನೀರು ತುಂಬಿಸಿ, ಗಾಳಿ ಪೂರ್ತಿ ಹೊರಗೆ ಬಿಟ್ಟು, ಪ್ರೆಷರ್ ಏರಿಸಿ. ಮಾಮೂಲಿ ಬಳಕೆಯ ಒತ್ತಡದ ಒಂದೂವರೆ ಪಟ್ಟು ಎನ್ನುವುದು ನಿಯಮ. ಮನೆಗಳಲ್ಲಿ 7ರಿಂದ 10 ಕೆಜಿ ಇಡುತ್ತಾರೆ. ಪ್ರೆಷರ್ ಮೀಟರಿನ ಮುಳ್ಳು ಎಲ್ಲಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಒಂದು ಗಂಟೆ ಕಾಯಿರಿ, ಸಾಧ್ಯವಾದರೆ ರಾತ್ರಿಯಿಡೀ ಬಿಡಿ. ಕಂಪ್ರೆಸರ್ ತಂದು ಗಾಳಿ ತುಂಬಿ ಟೆಸ್ಟ್ ಮಾಡುತ್ತೇನೆ ಎಂದರೆ ಒಪ್ಪಬೇಡಿ. ಗಾಳಿಯ ಒತ್ತಡಕ್ಕೆ ಒಡೆದ ಪ್ಲಾಸ್ಟಿಕ್ ಚೂರು ಚೂರಾಗಿ ಸಿಡಿಯುತ್ತದೆ.

ನಮ್ಮಲ್ಲಿ ಮುಳ್ಳು ಅರ್ಧ ಗಂಟೆಯಲ್ಲೇ ಇಳಿಯಿತು. ಹುಡುಕಿದರೆ ಅಡುಗೆಮನೆಯ ಒಂದು ಟೀಗೆ ಸಲ್ಯೂಷನ್ನೇ ಹಚ್ಚಿರಲಿಲ್ಲ, ಪ್ಲಂಬರ್ ಜೊತೆಯ ಹುಡುಗ ಬರೀ ತೂರಿಸಿಟ್ಟಿದ್ದ. ಅವನಿಗೆ ಆ ಹೊತ್ತಿಗೆ ಕುಡಿಯುವ ಟೀ ಬಂದಿತ್ತಂತೆ.

ಗೋಡೆ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆಯಿರಿ. ನೆಲದಿಂದಲೂ ಮೂಲೆಯಿಂದಲೂ ಟೇಪು ಹಿಡಿದು, ಅಂಕಿ ಕಾಣುವ ಹಾಗೆ. ಯಾವ ಬಾತ್‌ರೂಮು, ಯಾವ ಗೋಡೆ ಎಂದು ಸೀಮೆಸುಣ್ಣದಲ್ಲಿ ಗೋಡೆಯ ಮೇಲೇ ಬರೆದು ತೆಗೆದರೆ ಇನ್ನೂ ಒಳ್ಳೆಯದು. ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಬಿಡಿ, ಫೋನ್ ಬದಲಾದರೂ ಸಿಗುತ್ತದೆ. ಗೃಹಪ್ರವೇಶವಾದ ಮೂರನೇ ವಾರ ಟವೆಲ್ ರಾಡ್ ಹಾಕಲು ಬಂದವನು ಡ್ರಿಲ್ ಎತ್ತಿದಾಗ ನಾನು ಆ ಫೋಟೊ ತೆರೆದೆ. ಅವನು ಗುರುತು ಮಾಡಿದ್ದ ಜಾಗಕ್ಕೂ ಬಿಸಿನೀರಿನ ಪೈಪಿಗೂ ಎರಡು ಬೆರಳಿನ ಅಂತರ ಇತ್ತು. ರಾಡು ಈಗ ಅರ್ಧ ಅಡಿ ಎಡಕ್ಕಿದೆ.